ಈರಪ್ಪನವರ ‘ಮೊದ್ಲಿಂದ’

ಒಬ್ಬೊಬ್ಬರಿಗೆ ಒಂದೊಂದರ ಭಯ. ನಮ್ಮಪ್ಪನಿಗೆ ಹಲ್ಲಿ ಕಂಡರೆ ಭಯ. ಹಲ್ಲಿ ಕಂಡಾಗ ಅಪ್ಪ ಹೊಲಿಗೆ ಮೆಷಿನ್ನಿನ ಮೇಲೆ ಹತ್ತಿ ನಿಲ್ಲುವುದರಿಂದ ನಮ್ಮಮ್ಮನಿಗೆ ಮೆಷಿನ್ನು ಮುರಿದೀತೆಂಬ ಭಯ. ನಮ್ಮ ಬೀದಿಯ ಗಂಡಸರಿಗೆ ದೆವ್ವ, ಹಾವು, ಅಮಲ್ದಾರರು ಇತ್ಯಾದಿ ಗೌರವಸ್ಥ ಭಯಗಳಿವೆ. ನಾಲ್ಕು ಜನರ ಮುಂದೆ ಹೇಳಿಕೊಂಡರೆ ಮರ್ಯಾದೆ ಹೋಗುವುದಿಲ್ಲ. ನನ್ನ ಭಯ ಹಾಗಲ್ಲ. ನನಗೆ ಭಯವಿರುವುದು ಒಂದು ಮಾತಿಗೆ. ಬೈಗುಳವಲ್ಲ, ಶಾಪವಲ್ಲ. ‘ಮೊದ್ಲಿಂದ’ ಎನ್ನುವ, ಹಾಲು ಕುಡಿಯುವ ಮಗುವೂ ಆಡಬಹುದಾದ ಸಾಧು ಮಾತು. ಅದು ಕಿವಿಗೆ ಬಿದ್ದರೆ ನನ್ನ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ.

ಹೋದ ವಾರವೇ ನೋಡಿ. ಹೊಸದಾಗಿ ಮದುವೆಯಾದ ಹೆಂಡತಿಯ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಬೇಕಿತ್ತು. ಅವಳನ್ನೂ ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರು ನನ್ನ ಫಾರಮ್ಮನ್ನು ಮೂಗಿನ ತುದಿಯಿಂದ ನೋಡಿ, ‘ಹೆಂಡ್ತಿ ಹೆಸ್ರಿರೋ ಜಾಗದಾಗೆ ನಿಮ್ಮ ಹೆಸ್ರು ಬರ್ದಿದೀರಲ್ರೀ. ಇನ್ನೊಂದು ತಗಳಿ, ಮೊದ್ಲಿಂದ ಬರೀರಿ’ ಅಂದರು. ಪಾಪ, ಅವರಿಗೇನು ಗೊತ್ತು? ನಾನು ಕಣ್ಣು ಬಿಡುವಷ್ಟರಲ್ಲಿ ಕಚೇರಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಕೈಗಳೆರಡೂ ಅವರ ಮೇಜಿನ ಕಾಲನ್ನು ಬಾರಿಸುತ್ತಿದ್ದವು. ಗುಮಾಸ್ತರು ಮೇಜಿನ ಮೇಲಿಂದ ಬಗ್ಗಿ ನೋಡಿ, ‘ಅಯ್ಯೋ, ಮೂರ್ಛೆ ರೋಗನಾ?’ ಅಂದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಯಜಮಾನರೊಬ್ಬರು ನನ್ನ ಅಂಗೈ ಬಿಡಿಸಿ ಕಬ್ಬಿಣದ ಬೀಗದ ಕೈ ಇಟ್ಟರು. ಅದನ್ನು ಹಿಡಿದುಕೊಂಡೇ ನಾನು ತಕಧಿಮಿ ಮುಂದುವರಿಸಿದೆ. ನಿಲ್ಲಿಸುವ ಧೈರ್ಯ ನನಗೆ ಎಂದೂ ಇದ್ದಿಲ್ಲ.

ಈ ಮಾತನ್ನು ನನ್ನ ಮೈಗೆ ಅಳತೆ ತೆಗೆದು ಹೊಲಿದವರು ತರೀಕೆರೆಯ ಡೋಲು ಈರಪ್ಪನವರು. ಅಳತೆ, ಹೊಲಿಗೆ ಅಂದೆನಲ್ಲ, ಅದು ನಮ್ಮ ಮನೆಯ ಭಾಷೆ. ಅಜ್ಜಂಪುರದಲ್ಲಿ ನಮ್ಮಪ್ಪನದು ಟೈಲರ್ ಅಂಗಡಿ. ಪಿಯುಸಿಯಲ್ಲಿ ನಾನು ಬಹಳ ಸಮತೋಲನ ಕಾಪಾಡಿಕೊಂಡು ಎಲ್ಲ ವಿಷಯಗಳಲ್ಲೂ ಫೇಲಾಗಿ, ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದೆ. ಗುಂಡಿ ತೂರಿಸುವ ತೂತಿನ ಸುತ್ತ ಕೈಯಲ್ಲೇ ಹಾಕುವ ಹೊಲಿಗೆಗೆ ಕಾಜಾ ಎನ್ನುತ್ತಾರೆ. ದಿನಕ್ಕೆ ಅರವತ್ತು ತೂತು ನೋಡಿ ನೋಡಿ ನನಗೆ ಲೋಕವೇ ತೂತಾಗಿ ಕಾಣುತ್ತಿದ್ದ ಕಾಲ. ಒಂದು ದಿನ ಮದುವೆ ಗಂಡಿನ ಕೋಟು ತಲುಪಿಸಲು ಛತ್ರಕ್ಕೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಸರಿಯಾಗಿ ಆಗ ಮದುವೆ ಮಾಡಿಸುವ ಅಯ್ಯನವರು ಕೈ ಎತ್ತಿದರು, ‘ಗಟ್ಟಿಮೇಳ!’ ಎಂದು ಯಾರೋ ಕೂಗಿದರು. ಮೂಲೆಯಲ್ಲಿ ಕೂತಿದ್ದ ಬೋಳುತಲೆಯ ಮನುಷ್ಯರೊಬ್ಬರು ಡೋಲಿನ ಮೇಲೆ ಮೊದಲ ಪೆಟ್ಟು ಹಾಕಿದರು. ನನ್ನ ಎದೆಯ ಒಳಗಡೆಯಿಂದ ಯಾರೋ ಬಾಗಿಲು ಬಡಿದ ಹಾಗಾಯಿತು. ಡೋಲು ನಿಂತಾಗ ನೋಡಿಕೊಂಡರೆ ಕೋಟು ಕೈಯಲ್ಲಿರಲಿಲ್ಲ. ಗಂಡಿನ ಕೋಟನ್ನು ನಾನು ಪಕ್ಕದಲ್ಲಿ ನಿಂತಿದ್ದ ಅಡುಗೆಯವರಿಗೆ ತೊಡಿಸಿಬಿಟ್ಟಿದ್ದೆ. ಅವರೂ ಗುಂಡಿ ಹಾಕಿಕೊಂಡು ಕೇಳುತ್ತಾ ನಿಂತಿದ್ದರು.

ಡೋಲು ಕಲಿಯುತ್ತೇನೆ ಎಂದಾಗ ಅಪ್ಪ ಕತ್ತರಿ ಕೆಳಗಿಟ್ಟರು. ‘ನಮ್ಮ ವಂಶದಾಗೆ ಯಾರೂ ಬಾರ್ಸೋರಲ್ಲ ಕಣೋ’ ಅಂದರು. ಈ ಬಗ್ಗೆ ನನ್ನ ಬೆನ್ನಿಗೆ ಬೇರೆ ಅಭಿಪ್ರಾಯವಿತ್ತು. ಮೂರು ದಿನ ನಾನು ಊಟ ಬಿಟ್ಟೆ. (ಹೋಟೆಲಿನಲ್ಲಿ ತಿಂದದ್ದು ಬೇರೆ ಲೆಕ್ಕ.) ನಾಲ್ಕನೇ ದಿನ ಅಪ್ಪ ತೀರ್ಪು ಕೊಟ್ಟರು: ‘ಒಂದು ವರ್ಷ ಬಿಡ್ತೀನಿ. ಮುಂದಿನ ಮದ್ವೆ ಸೀಜನ್ ಮುಗಿಯೋದ್ರೊಳಗೆ ಆ ಈರಪ್ಪ ನಿನ್ನ ಪಕ್ಕದಾಗೆ ಕೂರಿಸ್ಕಂಡು ಒಂದಾದ್ರೂ ಗಟ್ಟಿಮೇಳ ಬಾರ್ಸಿಸ್ಬೇಕು. ನಾನೇ ಬಂದು ಕಣ್ಣಲ್ಲಿ ನೋಡ್ತೀನಿ. ಇಲ್ಲಾಂದ್ರೆ ಸಾಯೋವರ್ಗೂ ಕಾಜಾ. ಒಪ್ಪಿಗೆನಾ?’ ಒಪ್ಪಿದೆ. ಸಾಯುವವರೆಗೆ ಕಾಜಾ ಎನ್ನುವುದಕ್ಕಿಂತ ಭಯಂಕರವಾದದ್ದು ಲೋಕದಲ್ಲಿ ಇರಲಾರದು ಎಂದು ಆಗ ನನ್ನ ನಂಬಿಕೆ. ಈರಪ್ಪನವರನ್ನು ನಾನಿನ್ನೂ ಹತ್ತಿರದಿಂದ ನೋಡಿರಲಿಲ್ಲ.

ದಿನಾ ಬೆಳಗಿನ ಬಸ್ಸಿಗೆ ಅಜ್ಜಂಪುರದಿಂದ ತರೀಕೆರೆಗೆ ಹೋಗುತ್ತಿದ್ದೆ. ಈರಪ್ಪ ಮೇಷ್ಟ್ರ ಮನೆಗೆ ಅಂಟಿಕೊಂಡಂತೆ ಬಾಷಾ ಸಾಬರ ಸೈಕಲ್ ಶಾಪಿತ್ತು. ಸಾಬರು ಪಂಕ್ಚರ್ ಹಾಕುತ್ತಲೇ ಗೋಡೆಯಾಚೆಯ ಹವಾಮಾನ ನೋಡಿ ನನಗೆ ವರದಿ ಕೊಡುತ್ತಿದ್ದರು. ‘ಇವತ್ತು ಹೋಗ್ಬೋದು ಬೇಟಾ, ಒಂದೇ ಸಲ ನಶ್ಯ ಏರ್ಸವ್ರೆ’ ಅಂದರೆ ತಿಳಿ ಆಕಾಶ. ‘ಬೆಳಿಗ್ಗೆಯಿಂದ ಮೂರು ಸಲ ಆಯ್ತು, ನೀನು ಇಲ್ಲೇ ಕೂತು ಟಯರಿಗೆ ಗಾಳಿ ಹೊಡಿ’ ಅಂದರೆ ಗುಡುಗು ಸಿಡಿಲು. ಗಾಳಿ ಹೊಡೆಯುತ್ತಾ ಕೂತರೆ ಒಳಗಿನಿಂದ ಧ್ವನಿ ಬರುತ್ತಿತ್ತು: ‘ಲೇ ಅಜ್ಜಂಪುರ! ಆ ಪಂಪಿನಾಗೂ ನಿಂಗೆ ತಾಳ ಇಲ್ವೇನೋ? ಒಳಗೆ ಬಾ.’ ಮೇಷ್ಟ್ರು ನನ್ನ ಹೆಸರನ್ನು ಎಂದೂ ಕೇಳಲಿಲ್ಲ. ಊರ ಹೆಸರಿನಲ್ಲೇ ಕರೆಯುತ್ತಿದ್ದರು. ಹಾಗಾಗಿ ನಾನು ತಪ್ಪಿದಾಗಲೆಲ್ಲ ಪೂರ್ತಿ ಹೋಬಳಿಯೇ ತಪ್ಪಿದ ಹಾಗೆ ಅವಮಾನವಾಗುತ್ತಿತ್ತು.

ಈರಪ್ಪನವರು ಹೊಡೆಯುತ್ತಾರೆ ಎಂದು ಎಲ್ಲರೂ ಹೆದರಿಸಿದ್ದರು. ಅವರು ಹೊಡೆಯುತ್ತಿರಲಿಲ್ಲ, ಹೊಡೆದಿದ್ದರೆ ಸುಖವಾಗಿತ್ತು. ಪೆಟ್ಟು ಬೀಳುತ್ತದೆ, ಉರಿಯುತ್ತದೆ, ಮುಗಿಯುತ್ತದೆ. ಇವರದು ಬೇರೆ ಕ್ರಮ. ನಾನು ತಪ್ಪಿದ ಕೂಡಲೇ ಅವರ ಕೈಯ ತಾಳ ನಿಲ್ಲುತ್ತಿತ್ತು. ಜೋಬಿನಿಂದ ನಶ್ಯದ ಡಬ್ಬಿ ಹೊರಗೆ ಬರುತ್ತಿತ್ತು. ಮುಚ್ಚಳದ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿಯುವರು. ಚಿಟಿಕೆ ತೆಗೆಯುವರು. ಎಡ ಹೊಳ್ಳೆ. ಬಲ ಹೊಳ್ಳೆ. ಕಣ್ಣು ಮುಚ್ಚುವರು. ಈಗ ಸೀನುತ್ತಾರೆ, ಈಗ ಸೀನುತ್ತಾರೆ ಎಂದು ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಈರಪ್ಪನವರು ಸೀನಿದ್ದನ್ನು ತರೀಕೆರೆಯಲ್ಲಿ ಕಂಡವರಿಲ್ಲ. ಸೀನು ಕೂಡ ಅವರಿಗೆ ಹೆದರಿ ಮೂಗಿನಲ್ಲೇ ಕೂತಿರುತ್ತಿತ್ತು ಅಂತ ಕಾಣುತ್ತದೆ. ಆಮೇಲೆ ಕಣ್ಣು ತೆರೆದು, ಏರದ, ಇಳಿಯದ ಧ್ವನಿಯಲ್ಲಿ ಒಂದೇ ಮಾತು: ‘ಮೊದ್ಲಿಂದ.’

ಮೊದಲ ಆರು ತಿಂಗಳು ಡೋಲು ಮುಟ್ಟಗೊಡಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ನನ್ನ ಡೋಲು. ಆ ಕಲ್ಲಿನ ಒಂದು ಪಕ್ಕ ಸೀರೆ ಪಂಚೆಗಳಿಂದ ಸವೆದಿತ್ತು, ಇನ್ನೊಂದು ಪಕ್ಕ ನನ್ನಿಂದ ಸವೆಯಿತು. ಬೆರಳ ತುದಿ ಒಡೆದು, ಒಣಗಿ, ಮತ್ತೆ ಒಡೆದು, ಕೊನೆಗೆ ಹತ್ತು ಬೆರಳೂ ಕೊಬ್ಬರಿ ಚಿಪ್ಪಿನಂತಾದವು. ಬಿಟ್ಟು ಓಡಿಹೋಗಬಾರದೇ ಎಂದು ನೀವು ಕೇಳಬಹುದು. ದಿನಾ ಓಡಿಹೋಗುತ್ತಿದ್ದೆ, ಸಂಜೆಯ ಬಸ್ಸಿನಲ್ಲಿ. ಬೆಳಿಗ್ಗೆ ಕಾಲು ಮತ್ತೆ ತರೀಕೆರೆಗೇ ಬರುತ್ತಿತ್ತು. ಹೆದರಿಕೆ ಎಷ್ಟಿತ್ತೋ ಆಸೆಯೂ ಅಷ್ಟೇ ಇತ್ತು. ಊಟಕ್ಕೆ ಕೂತರೆ ತಟ್ಟೆ ಬಾರಿಸುತ್ತಿದ್ದೆ, ಅಂಗಡಿಯಲ್ಲಿ ಗಿರಾಕಿಯ ಬೆನ್ನಿನ ಅಳತೆ ತೆಗೆಯುವಾಗ ಬೆನ್ನನ್ನೇ ಬಾರಿಸುತ್ತಿದ್ದೆ. ಒಮ್ಮೆ ಬಸ್ಸಿನಲ್ಲಿ ಮೇಷ್ಟ್ರು ಮೂರು ಸೀಟು ಮುಂದೆ ಕೂತಿದ್ದಾರೆಂದು ತಿಳಿಯದೆ ಮುಂದಿನ ಸೀಟಿನ ಹಿಂಬದಿಯನ್ನು ಮೆಲ್ಲಗೆ ತಟ್ಟುತ್ತಿದ್ದೆ. ಎಂಜಿನ್ನಿನ ಆ ಗದ್ದಲದಲ್ಲೂ ಒಂದು ಪೆಟ್ಟು ತಪ್ಪಿದ್ದು ಅವರಿಗೆ ಕೇಳಿತು. ತಿರುಗಿ ಕೂಡ ನೋಡದೆ ‘ಮೊದ್ಲಿಂದ’ ಅಂದರು. ಕಂಡಕ್ಟರು ಅದು ತನಗೇ ಹೇಳಿದ್ದೆಂದು ಹೆದರಿ, ಮುಂದಿನ ಬಾಗಿಲಿಗೆ ಹೋಗಿ ಎಲ್ಲರ ಟಿಕೆಟ್ಟನ್ನೂ ಮತ್ತೆ ನೋಡಿಕೊಂಡು ಬಂದ.

ಒಂದೇ ಒಂದು ಸಲ ಮೇಷ್ಟ್ರು ನಾಲ್ಕು ಮಾತು ಜಾಸ್ತಿ ಆಡಿದರು. ಗಟ್ಟಿಮೇಳದ ಪಾಠ ಶುರುವಾದ ದಿನ. ‘ಲೇ ಅಜ್ಜಂಪುರ, ಕೇಳು. ಗಟ್ಟಿಮೇಳದಾಗೆ ನಾವು ಸಂಗೀತಗಾರ್ರಲ್ಲ, ಬಾಗ್ಲು ಕಾಯೋರು. ತಾಳಿ ಬೀಳೋ ಹೊತ್ತಿನಾಗೆ ಒಂದು ಕೆಟ್ಟ ಮಾತಾಗ್ಲಿ, ಅಳು ಆಗ್ಲಿ, ಸೀನಾಗ್ಲಿ ಆ ಹೆಣ್ಮಗು ಕಿವಿಗೆ ಬೀಳ್ಬಾರ್ದು. ಮೂರು ಗಂಟು ಬೀಳೋವರ್ಗೂ ಕೈ ತಡೀಬಾರ್ದು, ಕೈ ಮುರಿದ್ರೂ ಸೈ.’ ನಾನು ಹೂಂ ಅಂದೆ. ಅವರು ಡಬ್ಬಿ ತೆಗೆದರು, ಆದರೆ ನಶ್ಯ ಏರಿಸಲಿಲ್ಲ. ‘ನನ್ನ ಮದ್ವೇಲಿ ಡೋಲಿನೋನು ಕೈ ತಡೆದ. ಆ ಸಂದೀನಾಗೆ ಯಾರೋ ಸೀನಿದ್ರು’ ಅಂದು ಎದ್ದು ಒಳಗೆ ಹೋದರು. ಅವರ ಅಡುಗೆಮನೆಯ ಗೂಡಿನಲ್ಲಿ ಒಂದೇ ತಟ್ಟೆ, ಒಂದೇ ಲೋಟ ಇದ್ದದ್ದು ಅದುವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸೀಜನ್ನಿನ ಕೊನೆಯ ಮದುವೆ ಕಡೂರಿನಲ್ಲಿತ್ತು, ತೆಂಗಿನಕಾಯಿ ಮಂಡಿಯ ಸಾಹುಕಾರರ ಮಗಳದು. ಅಲ್ಲಿಯತನಕ ನಾನು ಯಾವ ಮದುವೆಯಲ್ಲೂ ಕೂತಿರಲಿಲ್ಲ. ಮೇಷ್ಟ್ರ ಪಕ್ಕದಲ್ಲಿ ಕೂರುವ ಎರಡನೇ ಡೋಲಿನವರಿಗೆ ಮದುವೆಯ ಎರಡು ದಿನ ಮುಂಚೆ ಕೆಪ್ಪಟೆ ಬಂದು ಮುಖ ಅವರ ಡೋಲಿನಷ್ಟೇ ದಪ್ಪವಾಯಿತು. ಮೇಷ್ಟ್ರು ನನ್ನನ್ನು ಬಹಳ ಹೊತ್ತು ನೋಡಿದರು. ಸಂತೆಯಲ್ಲಿ ಬೇರೆ ಏನೂ ಸಿಗದಾಗ ಕೊಳೆತ ಬದನೆಕಾಯನ್ನು ನೋಡುತ್ತೇವಲ್ಲ, ಹಾಗೆ. ಆಮೇಲೆ ಅಂದರು: ‘ಅಯ್ನೋರು ಬಲಗೈ ಎತ್ತಿದ ಮೇಲೆ ಮೊದ್ಲನೇ ಪೆಟ್ಟು ನಂದು. ಆಮೇಲೆ ನಿಂದು. ಅದಕ್ಕಿಂತ ಮುಂಚೆ ನಿನ್ನ ಉಗುರು ಚರ್ಮಕ್ಕೆ ತಾಕಿದ್ರೆ ಸೀದಾ ಅಜ್ಜಂಪುರದ ಬಸ್ಸು. ಮತ್ತೆ ಈ ಹೊಸ್ಲು ತುಳೀಬಾರ್ದು.’ ಅಂದರೆ ನನ್ನ ಇಡೀ ಬದುಕು ಒಬ್ಬ ಅಯ್ಯನವರ ಬಲಗೈಗೆ ನೇತುಬಿದ್ದಿತ್ತು.

ಅಪ್ಪನಿಗೆ ಸುದ್ದಿ ಮುಟ್ಟಿದ್ದೇ ತಡ, ಮೇಷ್ಟ್ರಿಗೆ ಕಾಣಿಕೆಯಾಗಿ ಒಂದು ರೇಷ್ಮೆ ಜುಬ್ಬ ಹೊಲಿದರು. ಬಹಳ ಚೆಂದದ ಜುಬ್ಬ. ಚೆಂದ ಕೆಡಬಾರದೆಂದು ಅಪ್ಪ ಅದಕ್ಕೆ ಜೋಬು ಇಡಲಿಲ್ಲ. ಪ್ರಿಯ ಓದುಗರೇ, ಈ ಜೋಬನ್ನು, ಅಂದರೆ ಇಲ್ಲದ ಜೋಬನ್ನು, ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಸರ್ವನಾಶ ಹೊರಟದ್ದು ಅಲ್ಲಿಂದ.

ಮುಹೂರ್ತ ಹನ್ನೊಂದೂವರೆಗೆ. ಛತ್ರದ ಗೋಡೆ ಗಡಿಯಾರ ಯಾವ ಕಾಲದಲ್ಲೋ ನಾಲ್ಕು ಗಂಟೆಗೆ ನಿಂತಿತ್ತು. ಎಲ್ಲರೂ ನಂಬಿದ್ದು ಮಠದ ಅಯ್ಯನವರ ಕೈಗಡಿಯಾರವನ್ನು. ನಾವು ಚಾಪೆಯ ಮೇಲೆ ಕೂತೆವು. ಎಡಕ್ಕೆ ಮೇಷ್ಟ್ರು, ಬಲಕ್ಕೆ ನಾನು, ಅತ್ತ ಕಡೆ ನಾಗಸ್ವರದ ತಿಮ್ಮಣ್ಣ. ತಿಮ್ಮಣ್ಣನಿಗೆ ಕೂತಲ್ಲೇ ನಿದ್ದೆ ಬರುವ ವರ. ನಮ್ಮೆದುರು ಮೂರನೇ ಸಾಲಿನಲ್ಲಿ ಅಪ್ಪ ಕುರ್ಚಿಯ ತುದಿಗೆ ಕೂತು, ನನ್ನನ್ನೂ ಜುಬ್ಬವನ್ನೂ ಸರದಿಯಂತೆ ನೋಡುತ್ತಿದ್ದರು. ಮೇಷ್ಟ್ರು ಅಭ್ಯಾಸಬಲದಿಂದ ಜೋಬು ಹುಡುಕಿದರು, ಸಿಗಲಿಲ್ಲ. ನಶ್ಯದ ಡಬ್ಬಿಯನ್ನು ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಇಟ್ಟರು. ಒಂದು ಚಿಟಿಕೆ ಏರಿಸಿದರು. ಅಷ್ಟರಲ್ಲಿ ಅಯ್ಯನವರು ಕೆಮ್ಮಿದ್ದರಿಂದ ಅತ್ತ ತಿರುಗಿದರು, ಡಬ್ಬಿಯ ಮುಚ್ಚಳ ಹಾಕುವುದು ಮರೆಯಿತು. ವೇದಿಕೆಯ ಪಕ್ಕದಲ್ಲಿ ಗಂಡಿಗೆ ಸೆಕೆಯಾಗದಿರಲೆಂದು ಒಂದು ಟೇಬಲ್ ಫ್ಯಾನ್ ಇಟ್ಟಿದ್ದರು. ಅದು ಕತ್ತು ತಿರುಗಿಸುವ ಫ್ಯಾನು. ಗಂಡನ್ನು ನೋಡುತ್ತಿತ್ತು, ಅಯ್ಯನವರನ್ನು ನೋಡುತ್ತಿತ್ತು, ಹೆಂಗಸರ ಸಾಲನ್ನು ನೋಡುತ್ತಿತ್ತು, ನಿಧಾನವಾಗಿ ನಮ್ಮ ಕಡೆ ತಿರುಗುತ್ತಿತ್ತು.

ಮೊದಲ ಸುತ್ತಿಗೆ ನನ್ನ ಮೂಗಿನೊಳಗೆ ಇರುವೆ ಹೊಕ್ಕ ಹಾಗಾಯಿತು. ಡಬ್ಬಿ ನೋಡಿದೆ. ಮುಚ್ಚಬೇಕೆಂದರೆ ಕೈ ನೀಡಬೇಕು. ಕೈ ನೀಡಿದರೆ ಉಗುರು ಡೋಲಿಗೆ ತಾಕಬಹುದು, ತಾಕಿದರೆ ಅಜ್ಜಂಪುರದ ಬಸ್ಸು. ಕೈ ಕಟ್ಟಿಕೊಂಡು ಕೂತೆ. ಹೆಂಗಸರ ಕಡೆ ಗುಸುಗುಸು ಜಾಸ್ತಿಯಾಗಿದ್ದರಿಂದ ಅಯ್ಯನವರು, ‘ಇನ್ನು ಹನ್ನೆರಡು ನಿಮ್ಷ ಐತೆ, ಯಾರೂ ಉಸಿರೆತ್ತಬಾರ್ದು’ ಎಂದು ಗದರಿ ಇಡೀ ಛತ್ರವನ್ನು ಮೌನ ಮಾಡಿದರು. ಆಮೇಲೆ ಗಂಡಿನ ಕಡೆ ತಿರುಗಿದರು. ಆ ಹುಡುಗ ನನಗಿಂತ ಹೆದರಿದ್ದ, ತುಟಿ ಒಣಗಿತ್ತು. ಅವನ ಕೈಗೆ ತಾಳಿ ಕೊಟ್ಟು, ಹೆಣ್ಣಿನ ಕೊರಳ ಹತ್ತಿರ ಹೇಗೆ ಹಿಡಿಯಬೇಕೆಂದು ತೋರಿಸಿ, ‘ಗಟ್ಟಿಮೇಳ ಕಿವಿಗೆ ಬಿದ್ದ ತಕ್ಷಣ ಕಟ್ಬೇಕು. ನನ್ನ ಮಖ ನೋಡ್ಕಂಡು ಕೂರ್ಬೇಡ’ ಅಂದರು. ಹುಡುಗ ತಲೆಯಾಡಿಸಿದ. ಫ್ಯಾನು ಎರಡನೇ ಸಲ ನಮ್ಮ ಕಡೆ ಬಂತು.

ಸೀನನ್ನು ತಡೆಯಲು ಮನುಷ್ಯನಿಗೆ ಎಷ್ಟು ಉಪಾಯಗಳಿವೆಯೋ ಅಷ್ಟನ್ನೂ ಮಾಡಿದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದೆ. ಕಾಲ್ಬೆರಳು ಮಡಚಿದೆ. ಎಮ್ಮೆದೊಡ್ಡಿ ಕಾವಲಿನ ಅಮೃತಮಹಲ್ ಹೋರಿಯೊಂದು ನನ್ನನ್ನು ಅಟ್ಟಿಸಿಕೊಂಡು ಬರುತ್ತಿದೆ ಎಂದು ಕಲ್ಪಿಸಿಕೊಂಡೆ, ಕಲ್ಪನೆಯಲ್ಲಿ ಹೋರಿಯೇ ಸೀನಿತು. ಕಣ್ಣಲ್ಲಿ ನೀರು ತುಂಬಿತು. ಮೂರನೇ ಸಾಲಿನಲ್ಲಿದ್ದ ಅಪ್ಪ ಅದನ್ನು ಭಕ್ತಿ ಎಂದು ತಿಳಿದು ತಾವೂ ಕಣ್ಣೊರೆಸಿಕೊಂಡರು. ಫ್ಯಾನು ಅಯ್ಯನವರನ್ನು ದಾಟಿತು, ಹೆಂಗಸರನ್ನು ದಾಟಿತು. ಇನ್ನು ತಡೆಯಲಾರೆ ಎಂದು ನನಗೆ ಖಾತ್ರಿಯಾಯಿತು. ಸೂಜಿ ಬಿದ್ದರೂ ಕೇಳುವ ಆ ಮೌನದಲ್ಲಿ, ತಾಳಿ ಕೊರಳ ಹತ್ತಿರ ಇರುವಾಗ, ನಾನು ಸೀನಿಬಿಡುತ್ತೇನೆ. ಆ ಹೆಣ್ಣುಮಗಳ ಕಿವಿಗೆ ಬೀಳುತ್ತದೆ. ಮೇಷ್ಟ್ರ ಅಡುಗೆಮನೆಯ ಆ ಒಂದು ತಟ್ಟೆ ನನ್ನ ಕಣ್ಣ ಮುಂದೆ ಬಂತು. ಅರ್ಧ ಕ್ಷಣದಲ್ಲಿ ನನ್ನ ತಲೆ ಒಂದು ಲೆಕ್ಕ ಹಾಕಿತು: ಸೀನು ಮುಚ್ಚುವುದಕ್ಕೆ ತಾನೇ ಗಟ್ಟಿಮೇಳ ಇರುವುದು?

ಢಂ! ಡೋಲಿನ ಮೇಲೆ ನನ್ನ ಮೊದಲ ಪೆಟ್ಟು ಬಿತ್ತು. ಅದರ ಹಿಂದೆಯೇ ಪೆಟ್ಟಿನ ಮೇಲೆ ಪೆಟ್ಟು ಹಾಕಿದೆ, ಆ ಪೆಟ್ಟುಗಳ ಮರೆಯಲ್ಲಿ ಸೀನೂ ಬಂತು. ಯಾರಿಗೂ ಕೇಳಲಿಲ್ಲ. ಆದರೆ ಮಿಕ್ಕಿದ್ದೆಲ್ಲ ಎಲ್ಲರಿಗೂ ಕೇಳಿತು. ತಿಮ್ಮಣ್ಣ ನಿದ್ದೆಯಿಂದ ಎಗರಿ ಬಿದ್ದು ನಾಗಸ್ವರಕ್ಕೆ ಶಕ್ತಿಯೆಲ್ಲ ತುಂಬಿ ಊದಿದ. ಇನ್ನೂರು ಕೈಗಳಿಂದ ಅಕ್ಷತೆ ಮಳೆಯಂತೆ ಸುರಿಯಿತು. ಗಂಡು ಯಾರ ಮುಖವನ್ನೂ ನೋಡದೆ, ಹೇಳಿಕೊಟ್ಟ ಹಾಗೇ, ಒಂದು, ಎರಡು, ಮೂರು ಗಂಟು ಹಾಕಿ ಮುಗಿಸಿದ. ಈರಪ್ಪನವರು ತಿರುಗಿ ನನ್ನ ಮುಖ ನೋಡಿದರು. ಅವರ ಜೀವಮಾನದಲ್ಲಿ ಮೊದಲ ಸಲ ಅವರ ಕೋಲು ಇನ್ನೊಬ್ಬನ ಕೋಲಿನ ಹಿಂದೆ ಬಂತು. ಬಂದದ್ದಾದರೂ ಹೇಗೆ! ನನ್ನ ತಪ್ಪನ್ನು ತಮ್ಮ ಡೋಲಿನೊಳಗೆ ಎಳೆದುಕೊಂಡು, ಮುಹೂರ್ತ ಅಂದರೆ ಇದೇ ಎನ್ನುವ ಹಾಗೆ ಬಾರಿಸಿದರು.

ಗಟ್ಟಿಮೇಳ ನಿಂತಿತು. ಅಯ್ಯನವರು ಒಂದು ಕೈಯಲ್ಲಿ ಗಡಿಯಾರ ಹಿಡಿದು, ಬಾಯಿ ತೆರೆದು, ಕಲ್ಲಾಗಿ ನಿಂತಿದ್ದರು. ತಾಳಿ ನೋಡಿದರು, ಗಡಿಯಾರ ನೋಡಿದರು, ಮತ್ತೆ ತಾಳಿ ನೋಡಿದರು. ಆಮೇಲೆ ನಿಧಾನವಾಗಿ ಬಲಗೈ ಎತ್ತಿ ‘ಶುಭಮಸ್ತು!’ ಅಂದರು. ಸಾಹುಕಾರರು ಹತ್ತಿರ ಬಂದು, ‘ಬುದ್ದೀ, ಹನ್ನೊಂದೂವರೆ ಅಂತಲ್ವಾ ಹೇಳಿದ್ದು?’ ಎಂದು ಕಿವಿಯಲ್ಲಿ ಕೇಳಿದರು.

‘ಅದು ರೈಲ್ವೆ ಟೈಮು ಸಾಹುಕಾರ್ರೇ’ ಅಂದರು ಅಯ್ಯನವರು, ಶಲ್ಯದ ಮರೆಯಲ್ಲಿ ಗಡಿಯಾರದ ಮುಳ್ಳು ತಿರುಗಿಸುತ್ತಾ. ‘ನಾವು ನೋಡೋದು ಪಂಚಾಂಗದ ಟೈಮು.’

ಅಪ್ಪ ತಲೆಯ ಮೇಲೆಲ್ಲ ಅಕ್ಷತೆ ಹೊತ್ತುಕೊಂಡು ಓಡಿಬಂದರು. ‘ಮೊದ್ಲನೇ ಪೆಟ್ಟು ನಿಂದೇ ಅಲ್ವೇನೋ ಮಗನೇ! ಮೇಷ್ಟ್ರು ನಿನ್ನ ಹಿಂದೆ ಬಾರ್ಸಿದ್ರಲ್ಲೋ! ಬಿಡು, ಕಾಜಾಕ್ಕೆ ಬೇರೆ ಹುಡುಗನ್ನ ನೋಡ್ಕತೀನಿ’ ಅಂದು ಬೆನ್ನು ತಟ್ಟಿದರು. ನನಗೆ ಅಳು ಬಂತು. ಊಟಕ್ಕೆ ಕೂತರೆ ಎಲೆಯ ಮೇಲಿನ ಲಾಡು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಪಕ್ಕದ ಎಲೆಯಲ್ಲಿ ಮೇಷ್ಟ್ರು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು. ಒಂದು ಮಾತಿಲ್ಲ. ಕಡೂರಿನಲ್ಲಿ ಬಸ್ಸು ಹತ್ತಿದೆವು, ಮಾತಿಲ್ಲ. ಬೀರೂರು ಬಂತು, ಮಾತಿಲ್ಲ. ಅಜ್ಜಂಪುರದ ಬಸ್ಸಿಗೆ ಹತ್ತಿಸುತ್ತಾರೆಂದು ಬ್ಯಾಗು ಹಿಡಿದು ಎದ್ದೆ. ಅವರು ಕಿಟಕಿಯಾಚೆ ನೋಡುತ್ತಲೇ ನನ್ನ ಅಂಗಿ ಹಿಡಿದು ಕೂರಿಸಿದರು. ತರೀಕೆರೆಯಲ್ಲಿ ಬಾಷಾ ಸಾಬರು ಮೇಷ್ಟ್ರ ಮುಖ ನೋಡಿದರು, ನನ್ನ ಮುಖ ನೋಡಿದರು, ‘ಯಾ ಅಲ್ಲಾ’ ಎಂದು ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡರು.

ಒಳಗೆ ಹೋಗಿ ಕೂತೆವು. ಡಬ್ಬಿ ಬಂತು. ಟಕ್ ಟಕ್. ಎಡ ಹೊಳ್ಳೆ. ಬಲ ಹೊಳ್ಳೆ.

‘ಎಷ್ಟು ಹೊತ್ತು ಮುಂಚೆ ಹೊಡ್ದೆ?’

‘ಹತ್ತು ನಿಮ್ಷ ಇರ್ಬೋದು, ಮೇಷ್ಟ್ರೇ.’

‘ಯಾಕೆ?’

‘ಸೀನು ಬಂತು. ತಡೆಯಕ್ಕಾಗ್ಲಿಲ್ಲ. ಆ ಹುಡ್ಗಿಗೆ ಕೇಳ್ಬಾರ್ದು ಅಂತ…’

ಅವರು ಕಣ್ಣು ಮುಚ್ಚಿದರು. ಗೋಡೆಯಾಚೆ ಸಾಬರ ಪಂಪು ಕೂಡ ನಿಂತಿತ್ತು, ಅವರೂ ಕಿವಿಗೊಟ್ಟಿದ್ದರು.

‘ಕೇಳ್ತಾ ಅವಳಿಗೆ?’

‘ಇಲ್ಲ ಮೇಷ್ಟ್ರೇ.’

ಅವರು ಕಣ್ಣು ತೆರೆದರು. ‘ಸೀನಿದಾಗ ನಿನ್ನ ಕೈ ತಡೀತು. ಏಳನೇ ಪೆಟ್ಟು ನುಂಗ್ಬಿಟ್ಟೆ. ನಾನು ಬಂದು ಸಂದಿ ಮುಚ್ಚಿದೆ. ನಾನಿಲ್ದಿದ್ರೆ?’ ಅಂದರು. ಒಬ್ಬರ ಮಗಳ ಮುಹೂರ್ತವನ್ನೇ ನಾನು ಹತ್ತು ನಿಮಿಷ ಮುಂಚೆ ಮುಗಿಸಿಬಿಟ್ಟಿದ್ದರ ಬಗ್ಗೆ ಅವರಿಗೆ ಏನೂ ಅನ್ನಿಸಿರಲಿಲ್ಲ. ಏಳನೇ ಪೆಟ್ಟು! ನಾನು ಬಸ್ಸಿನ ಬ್ಯಾಗಿಗೆ ಕೈ ಹಾಕಿದೆ. ಅವರು ಡೋಲನ್ನು ನನ್ನ ಕಡೆ ತಳ್ಳಿದರು. ‘ಮೊದ್ಲಿಂದ.’ ಸಂಜೆಯ ತನಕ ಬಾರಿಸಿದೆ. ಏಳುವಾಗ, ‘ನಿಮ್ಮಪ್ಪಂಗೆ ಹೇಳು, ಜುಬ್ಬಕ್ಕೆ ಜೋಬು ಇಡ್ಲಿ’ ಅಂದರು. ಅವರು ನನ್ನನ್ನು ಹೊರಗೆ ಹಾಕಲಿಲ್ಲ ಎನ್ನುವುದು ನನಗೆ ಹೊಳೆದದ್ದು ಬಸ್ಸಿನಲ್ಲಿ. ಹೊಳೆದ ಮೇಲೆ ಹೆದರಿಕೆ ಇನ್ನೂ ಜಾಸ್ತಿಯಾಯಿತು, ನಾಳೆಯೂ ಹೋಗಬೇಕಲ್ಲ.

ಹಾಗೆ ಹೋಗಿ ಹೋಗಿ ಮೂರು ಸೀಜನ್ ಕಳೆದವು. ಈ ವರ್ಷ ಅಜ್ಜಂಪುರದಲ್ಲಿ ನನ್ನದೇ ಮದುವೆ. ಹುಡುಗಿ ದೇವನೂರಿನವಳು, ಹೆಸರು ಗೌರ. ‘ನಿನ್ನ ಮದ್ವೆಗೆ ನಾನೇ ಬಾರ್ಸೋದು’ ಎಂದು ಮೇಷ್ಟ್ರು ಹೇಳಿದ ದಿನವೇ ನನಗೆ ಜ್ವರ ಬಂತು. ಮಣೆಯ ಮೇಲೆ ಕೂತ ಮದುವೆ ಗಂಡು ಹೆಣ್ಣಿನ ಮುಖ ನೋಡಬೇಕು. ನಾನು ಮೂಲೆಯಲ್ಲಿ ಕೂತ ಜುಬ್ಬವನ್ನು ನೋಡುತ್ತಿದ್ದೆ. ಈ ಸಲ ಅದಕ್ಕೆ ಎರಡು ಜೋಬು. ಅಯ್ಯನವರ ಕೈ ಸರಿಯಾದ ನಿಮಿಷಕ್ಕೆ ಎದ್ದಿತು, ಮೊದಲ ಪೆಟ್ಟು ಕೂದಲೆಳೆ ಅತ್ತಿತ್ತವಾಗದೆ ಬಿತ್ತು. ನಾನು ತಾಳಿ ಎತ್ತಿದೆ. ಕಲ್ಲು ಬಾರಿಸಿ ಚಿಪ್ಪಾದ ನನ್ನ ಬೆರಳುಗಳಿಗೆ ಅಷ್ಟು ಸಣ್ಣ ದಾರ ಸಿಕ್ಕಿದ್ದು ಕೂಡ ಗೊತ್ತಾಗುತ್ತಿರಲಿಲ್ಲ. ಒಂದನೇ ಗಂಟು ಬಿತ್ತು. ಎರಡನೆಯದು ಸೊಟ್ಟಗೆ ಬಿತ್ತು. ಆಗ ಆ ಗದ್ದಲದ ನಡುವೆ, ಲೋಕದ ಯಾವ ಕೆಟ್ಟ ಶಬ್ದವೂ ಕೇಳಬಾರದೆಂದೇ ಎಬ್ಬಿಸುವ ಆ ಗದ್ದಲದ ನಡುವೆ, ನನಗೆ ಸ್ಪಷ್ಟವಾಗಿ ಕೇಳಿತು: ‘ಮೊದ್ಲಿಂದ.’

ನನ್ನ ಕೈ ನನ್ನನ್ನು ಕೇಳಲಿಲ್ಲ. ಎರಡನೇ ಗಂಟು ಬಿಚ್ಚಿತು. ಒಂದನೇ ಗಂಟೂ ಬಿಚ್ಚಿತು.

‘ಏನ್ ಮಾಡ್ತಿದೀರಾ?’ ಗೌರ ತಲೆ ತಗ್ಗಿಸಿಕೊಂಡೇ ಕೇಳಿದಳು.

‘ಮೊದ್ಲಿಂದ ಅಂದ್ರು.’

‘ಯಾರು?’

ಅಯ್ಯನವರು ಎದೆ ಹಿಡಿದುಕೊಂಡರು. ಹೆಂಗಸರ ಕಡೆಯಿಂದ ‘ಅಯ್ಯಯ್ಯೋ, ಬಿಚ್ತಾ ಅವ್ನೆ ಕಣೇ!’ ಎಂಬ ಕೂಗು ಎದ್ದಿತಂತೆ. ಅಪ್ಪ ಹಲ್ಲಿ ಕಂಡವರಂತೆ ಕುರ್ಚಿಯ ಮೇಲೆ ಹತ್ತಿದರಂತೆ. ಅಮ್ಮ ನನ್ನ ಹೆಸರು ಹಿಡಿದು ಏನೇನೋ ಅಂದರಂತೆ. ಯಾವುದೂ ನಮಗೆ ಕೇಳಲಿಲ್ಲ. ನಾನು ಮತ್ತೆ ದಾರ ಹಿಡಿದು, ಎರಡು ಸಲ ಜಾರಿಸಿ, ಮೂರನೇ ಸಲಕ್ಕೆ ಮೂರೂ ಗಂಟು ಹಾಕಿ ಮುಗಿಸುವತನಕ ಆ ಡೋಲು ನಿಲ್ಲಲಿಲ್ಲ. ಮಾಮೂಲಿ ಗಟ್ಟಿಮೇಳದ ನಾಲ್ಕರಷ್ಟು ಹೊತ್ತು ನಡೆಯಿತು. ತಿಮ್ಮಣ್ಣನಿಗೆ ಉಸಿರು ಸಿಕ್ಕದೆ ನಾಗಸ್ವರ ಕೆಳಗಿಟ್ಟಾಗಿತ್ತು. ಎರಡನೇ ಡೋಲಿನವರು ಕೈ ಬಿಟ್ಟಾಗಿತ್ತು. ಈರಪ್ಪನವರೊಬ್ಬರೇ, ಕಣ್ಣು ಮುಚ್ಚಿಕೊಂಡು, ಒಂದು ಪೆಟ್ಟೂ ನುಂಗದೆ, ಗೌರಳ ಕಿವಿಯ ಬಾಗಿಲಲ್ಲಿ ಕಾವಲು ನಿಂತಿದ್ದರು. ಊಟದ ಪಂಕ್ತಿಯಲ್ಲಿ ಅವರು ಎಡಗೈಯಲ್ಲಿ ಲೋಟ ಹಿಡಿದು ನೀರು ಕುಡಿಯುತ್ತಿದ್ದರು. ಬಲಗೈ ಮೇಲಕ್ಕೆತ್ತಲು ಬರುತ್ತಿರಲಿಲ್ಲ.

ಅವರ ಕಾಲಿಗೆ ಬಿದ್ದು ಕೇಳಿದೆ, ‘ಯಾಕೆ ಮೇಷ್ಟ್ರೇ ಹಂಗಂದ್ರಿ?’

‘ನಾನ್ಯಾಕೋ ಅನ್ಲಿ? ಗಟ್ಟಿಮೇಳದಾಗೆ ಬಾಯಿ ಬಿಡ್ತಾರೇನೋ ಯಾರಾದ್ರೂ?’ ಅಂದರು. ಎಡಗೈಯಲ್ಲಿ ಕಷ್ಟಪಟ್ಟು ಜೋಬಿನಿಂದ ಡಬ್ಬಿ ತೆಗೆದರು. ಟಕ್ ಟಕ್. ‘ಆದ್ರೆ ಎರಡನೇ ಗಂಟು ಸೊಟ್ಟಗಿತ್ತು ಕಣೋ ಪರಮೇಶಿ.’

ಅವರಿಗೆ ನನ್ನ ಹೆಸರು ಗೊತ್ತಿತ್ತು! ನನಗೆ ಇನ್ನೂ ಹೆದರಿಕೆಯಾಯಿತು.

ಇರಲಿ, ತಾಲ್ಲೂಕು ಕಚೇರಿಯ ನೆಲದ ಮೇಲೆ ನನ್ನನ್ನು ಬಿಟ್ಟು ಬಂದಿದ್ದೀರಿ. ನಾನು ಮೇಜಿನ ಕಾಲು ಬಾರಿಸುತ್ತಿದ್ದೆ, ಕೈಯಲ್ಲಿ ಬೀಗದ ಕೈ. ಗುಮಾಸ್ತರು ನೀರು ತರಲು ಜವಾನನಿಗೆ ಕೂಗುತ್ತಿದ್ದರು. ಗೌರ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಸಮಾಧಾನವಾಗಿ ಹೇಳಿದಳು: ‘ನೀರು ಬ್ಯಾಡ ಸಾರ್. ಮೂರ್ಛೆ ಅಲ್ಲ, ಡೋಲು ಕಲ್ತವ್ರೆ.’ ಸಾಲಿನಲ್ಲಿದ್ದ ಯಜಮಾನರು ‘ಓ, ಈರಪ್ಪನೋರ ಹತ್ರನಾ?’ ಎಂದು ಮರುಕದಿಂದ ತಲೆಯಾಡಿಸಿ, ಬೀಗದ ಕೈಯನ್ನು ನನಗೇ ಬಿಟ್ಟರು. ಫಾರಮ್ಮನ್ನು ಅವಳೇ ತುಂಬಿದಳು, ಒಂದೇ ಸಲಕ್ಕೆ, ಒಂದು ಚಿತ್ತೂ ಇಲ್ಲದೆ. ಸಹಿ ಹಾಕಲು ನನ್ನನ್ನು ಕರೆದಳು. ಏಳನೇ ಪೆಟ್ಟು ಬೀಳುವತನಕ ತಾಳು ಎಂದು ನಾನು ಬೆರಳು ತೋರಿಸಿದೆ.